ರೈವಿಂಗ್ ನೈಫ್ ಕೊನೆಗೂ ಜಾಗಕ್ಕೆ ಕೂತಿತು

ರೈವಿಂಗ್ ನೈಫ್ ಅಂದರೆ ಟೇಬಲ್ ಸಾ (ಮೇಜಿನ ಸೀಳಿನಿಂದ ಬ್ಲೇಡು ಮೇಲೆದ್ದಿರುವ ಗರಗಸ) ಬ್ಲೇಡಿನ ಬೆನ್ನಿಗೇ ನಿಂತು, ಸೀಳಿದ ಮರ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವ ತಗಡು. ಆರಡಿ ಉದ್ದದ, 35 ಮಿ.ಮೀ. ದಪ್ಪದ ಸಿಲ್ವರ್ ಓಕ್ ಹಲಗೆ ಅರ್ಧ ಸೀಳುವಷ್ಟರಲ್ಲಿ ಮುಚ್ಚಿಕೊಂಡು ನೈಫನ್ನು ಗಟ್ಟಿಯಾಗಿ ಹಿಡಿಯಿತು. ಮೋಟಾರು ನರಳಲಿಲ್ಲ, ಹಲಗೆ ಮೇಲೇಳಲಿಲ್ಲ. ಸ್ವಿಚ್ ಆಫ್ ಮಾಡಿ, ಬ್ಲೇಡು ಪೂರ್ತಿ ನಿಂತ ಮೇಲೆ ಸೀಳಿಗೊಂದು ಬೆಣೆ ಬಡಿದು, ಉಳಿದರ್ಧ ಕೊಯ್ದೆ. ಇಷ್ಟಕ್ಕಾಗಿಯೇ ಇಷ್ಟು ದಿನದ ಒದ್ದಾಟ.

ಕೊಡಗಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಕೊಯ್ದವರಿಗೆ ಅದರ ಗುಣ ಗೊತ್ತು. ಒಳಗಿನ ಬಿಗಿ ಸೀಳಿದ ಕೂಡಲೇ ಬಿಡುತ್ತದೆ. ಎರಡು ಹೋಳು ಒಂದೋ ಅಗಲುತ್ತವೆ, ಇಲ್ಲವೇ ಒತ್ತರಿಸುತ್ತವೆ. ಒತ್ತರಿಸಿದರೆ ಬ್ಲೇಡಿನ ಹಿಂಬದಿ ಹಲ್ಲು ಹಲಗೆಯನ್ನು ಮೇಲಕ್ಕೆತ್ತಿ ನಮ್ಮತ್ತ ಎಸೆಯುತ್ತದೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗುವಾಗ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿ.ಮೀ. ನಾವು ಬೆಚ್ಚಿ ಕೈ ತೆಗೆಯಲು ಒಂದು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಬ್ಲೇಡು ಹದಿಮೂರು ಸುತ್ತು ಮುಗಿಸಿರುತ್ತದೆ. 'ಹುಷಾರಾಗಿ ಕೆಲಸ ಮಾಡಿದರೆ ಸಾಕು, ಇವೆಲ್ಲ ಯಾಕೆ' ಅನ್ನುವ ಮೇಸ್ತ್ರಿಗಳ ಬಗ್ಗೆ ನನಗೆ ನಿಜವಾಗಿಯೂ ಗೌರವವಿದೆ, ಅವರ ಕೈಚಳಕ ನೋಡಿಯೇ ನಾನು ಕಲಿತದ್ದು. ಆದರೆ ಮರದ ಒಳಗಿನ ಬಿಗಿ ಯಾರ ಹುಷಾರಿಗೂ ಮೊದಲೇ ಕಾಣುವುದಿಲ್ಲ.

ನಮ್ಮಲ್ಲಿ ತಯಾರಾದ ಈ ಟೇಬಲ್ ಸಾಗೆ ಹಿಂದೆ ಒಂದು ತಗಡು ಇತ್ತು, ನಿಜ. ಅದು ಟೇಬಲಿನ ಫ್ರೇಮಿಗೆ ಬೋಲ್ಟ್ ಆಗಿತ್ತು. ಬ್ಲೇಡು ಪೂರ್ತಿ ಎದ್ದಾಗ ತಗಡಿಗೂ ಹಲ್ಲಿಗೂ 6 ಮಿ.ಮೀ. ಅಂತರ. ಮುಕ್ಕಾಲು ಇಂಚಿನ ಹಲಗೆಗೆಂದು ಬ್ಲೇಡು ಇಳಿಸಿದರೆ ಅಂತರ ನಾಲ್ಕು ಸೆಂಟಿಮೀಟರ್ ದಾಟುತ್ತದೆ. ಹಲಗೆ ಮುಚ್ಚಿಕೊಳ್ಳಲು ಅಷ್ಟು ಜಾಗ ಧಾರಾಳ. ಹಾಗಾಗಿ ನೈಫು ಬ್ಲೇಡಿನ ಜೊತೆಗೇ ಏರಿ ಇಳಿಯಬೇಕು, ಅಂದರೆ ಬ್ಲೇಡಿನ ಬೇರಿಂಗ್ ಕೂತಿರುವ, ಬ್ಲೇಡನ್ನು ಏರಿಸಿ ಇಳಿಸುವ ತೂಗುತೋಳಿಗೇ ಅದನ್ನು ಕಟ್ಟಬೇಕು.

ಮೊದಲ ತೊಡಕು ತಗಡಿನದೇ. ನನ್ನ ಬ್ಲೇಡಿನ ಹಲ್ಲಿನ ಅಗಲ 3.2 ಮಿ.ಮೀ., ಮೈ ದಪ್ಪ 2.2. ನೈಫು ಇವೆರಡರ ನಡುವೆ ಇರಬೇಕು. 12 ಗೇಜ್ ತಗಡು ಲೆಕ್ಕದ ಪ್ರಕಾರ 2.64. ಅಂಗಡಿಯಲ್ಲೇ ವರ್ನಿಯರ್ ಇಟ್ಟು ನೋಡಿದರೆ 2.2! 'ಗೇಜ್ ಅಂದ್ರೆ ಅಂದಾಜು ಸಾರ್, ಪೇಂಟ್ ಹೊಡೆದ್ರೆ ಸರಿಹೋಗುತ್ತೆ' ಅಂದರು. ಮನೆಯ ಗೇಟಿಗೆ ಅದು ನಡೆಯುತ್ತದೆ. ಇಲ್ಲಿ ಬ್ಲೇಡಿನ ಮೈಯಷ್ಟೇ ದಪ್ಪದ ನೈಫು ಇದ್ದೂ ಇಲ್ಲದ ಹಾಗೆ. ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡುವವರ ಹತ್ತಿರ ಅಳೆದು 2.6 ಸಿಕ್ಕಿತು. ಒಂದೇ ಒಂದು ತುಂಡಿನ ಕೆಲಸ ಅಂದರೆ ಯಾರೂ ಮುಖ ಎತ್ತಿ ನೋಡುವುದಿಲ್ಲ, ಅದು ಬೇರೆ ಸಂಕಟ.

ನಿಜವಾದ ತಲೆನೋವು ಆಮೇಲೆ. 3.2ರ ಸೀಳಿನಲ್ಲಿ 2.6ರ ನೈಫು ಅಂದರೆ ಆಚೀಚೆ ಉಳಿಯುವುದು 0.3 ಮಿ.ಮೀ. ಮಾತ್ರ. 50×50×6 ಆಂಗಲ್ (ಎಲ್ ಆಕಾರದ ಕಬ್ಬಿಣ) ತುಂಡನ್ನು ವೆಲ್ಡ್ ಮಾಡಿ ತೋಳಿಗೆ ಬಿಗಿದಾಗ, ವೆಲ್ಡಿಂಗಿನ ಕಾವಿಗೆ ಆಂಗಲ್ ಎಳೆದುಕೊಂಡು ನೈಫಿನ ತುದಿ ಒಂದು ಮಿ.ಮೀ. ವಾಲಿತು. ಹಲಗೆ ಬಂದು ನೈಫಿಗೆ ಢಿಕ್ಕಿ ಹೊಡೆದು ನಿಂತಿತು. ತಂಪು ಪಾನೀಯದ ಕ್ಯಾನು ಕತ್ತರಿಸಿ ಸಂದಿಗೆ ತೆಳು ಪಟ್ಟಿಯ ಶಿಮ್ ಇಟ್ಟೆ. ನಿಂತ ಮೆಷೀನಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಓಡಿಸಿದರೆ ಅದುರಾಟಕ್ಕೆ ಸಡಿಲವಾಗಿ ಮತ್ತೆ ವಾಲುತ್ತದೆ. ಬೋಲ್ಟು ಬಿಗಿ ಮಾಡಿದರೆ ಬೋಲ್ಟಿನ ಜೊತೆ ನೈಫೂ ತಿರುಗುತ್ತದೆ.

ಪರಿಹಾರ ಇಷ್ಟು: ಹಿಡಿಕೆಯ ತಗಡಿನ ನಾಲ್ಕು ಮೂಲೆಗೆ ಎಂ5 ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ), ನಡುವೆ ಎಳೆದು ಹಿಡಿಯುವ ಒಂದು ಎಂ8 ಬೋಲ್ಟ್. ಗ್ರಬ್ ತಳ್ಳುತ್ತದೆ, ಬೋಲ್ಟ್ ಎಳೆಯುತ್ತದೆ. ಸ್ಟೀಲ್ ಪಟ್ಟಿಯನ್ನು ಬ್ಲೇಡಿನ ಮೈಗೆ ಒರಗಿಸಿ, ಮೇಲೆ ಕೆಳಗೆ ಸಂದಿ ಅಳೆಯುವ ಫೀಲರ್ ಗೇಜ್ ಆಡಿಸುತ್ತಾ ಒಂದೊಂದೇ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಬೇಕು. ಸರಿಹೋದ ಮೇಲೆ ಅಲುಗದಂತೆ ಹಿಡಿಯುವ ಎರಡು ಡೋವೆಲ್ ಪಿನ್ ಹೊಡೆದೆ. ಈಗ ತಿರುಗುವ ಮಾತೇ ಇಲ್ಲ.

ನೈಫಿನ ತುದಿಯನ್ನು ಬ್ಲೇಡಿಗಿಂತ 2 ಮಿ.ಮೀ. ತಗ್ಗಿಸಿದ್ದೇನೆ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಳತೆ ಇದು. ಹಲಗೆಯನ್ನು ಪೂರ್ತಿ ಸೀಳದೆ ಗಾಡಿ (ಉದ್ದನೆಯ ಕಾಲುವೆ) ಹೊಡೆಯುವಾಗಲೂ ಹೀಗೆ ತಗ್ಗಿಸಿದ ನೈಫು ಅಡ್ಡ ಬರುವುದಿಲ್ಲ. ಅಡ್ಡ ಬರುವ, ಬ್ಲೇಡು ಮುಚ್ಚುವ ಗಾರ್ಡನ್ನಾದರೆ ಬಿಚ್ಚುತ್ತೇವೆ. ಒಮ್ಮೆ ಬಿಚ್ಚಿದ್ದು ಮೂಲೆ ಸೇರುತ್ತದೆ. ಎಷ್ಟು ವರ್ಕ್‌ಶಾಪುಗಳಲ್ಲಿ ಹೊಸ ಗಾರ್ಡು ಪ್ಲಾಸ್ಟಿಕ್ ಕವರಿನಲ್ಲೇ ಧೂಳು ತಿನ್ನುತ್ತಿಲ್ಲ! ಯಾವ ಕೆಲಸಕ್ಕೂ ಬಿಚ್ಚಬೇಕಾಗದ ಸಾಧನ ಮಾತ್ರ ಮೆಷೀನಿನಲ್ಲಿ ಉಳಿಯುತ್ತದೆ.

ಬೆರಳು ತಾಕಿದರೆ ತಾನೇ ನಿಲ್ಲುವ ಸಾಸ್ಟಾಪ್ ಟೇಬಲ್ ಸಾ ಬಗ್ಗೆ ಕೇಳುವವರಿಗೆ: ಅಮೆರಿಕದ ಸ್ಟೀಫನ್ ಗ್ಯಾಸ್ 1999ರಲ್ಲಿ ಹುಟ್ಟುಹಾಕಿದ ಆ ಯೋಚನೆ ಅದ್ಭುತವೇ. ಚರ್ಮ ತಾಕಿದರೆ ಬ್ಲೇಡಿನ ಮೇಲಿನ ವಿದ್ಯುತ್ ಸಂಕೇತ ಬದಲಾಗಿ, ಅಲ್ಯೂಮಿನಿಯಂ ತುಂಡು ಹಲ್ಲಿಗೆ ನುಗ್ಗಿ ಸುಮಾರು 5 ಮಿಲಿಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ಬೆರಳಿನ ಮುಂದೆ ಒಂದು ಬ್ಲೇಡು, ಆ ತುಂಡಿರುವ ಒಂದು ಕಾರ್ಟ್ರಿಡ್ಜ್ ಹೋಗುವುದು ಲೆಕ್ಕಕ್ಕಿಲ್ಲ. ಆದರೆ ಹಲಗೆ ಎದೆಗೆ ಹಾರುವುದನ್ನು ಅದು ತಡೆಯುವುದಿಲ್ಲ. ಅದಕ್ಕೆಂದೇ ಆ ಮೆಷೀನಿಗೂ ರೈವಿಂಗ್ ನೈಫ್ ಇದೆ. ಅದೂ ಇದೂ ಎರಡೂ ಇದ್ದರೂ ಬ್ಲೇಡಿನ ನೇರಕ್ಕೆ ನಿಲ್ಲದಿರುವುದು, ಗ್ಲೌಸು ಹಾಕದಿರುವುದು, ಪಂಚೆ ಉಟ್ಟು ಬರದಿರುವುದು, ಬ್ಲೇಡು ನಿಲ್ಲುವ ತನಕ ಚೂರು ಎತ್ತದಿರುವುದು, ಇವೆಲ್ಲ ನಾವೇ ರೂಢಿ ಮಾಡಿಕೊಳ್ಳಬೇಕಾದದ್ದು.

ನಡುವೆ ಸ್ಟಾರ್ಟರ್ ಕೆಲಸವೂ ಮುಗಿಯಿತು. ಸಾದಾ ಸ್ವಿಚ್ಚಿನಲ್ಲಿ ಕರೆಂಟು ಹೋಗಿ, ನಾವು ಬ್ಲೇಡಿನ ಹತ್ತಿರ ಬಗ್ಗಿರುವಾಗ ಬಂದುಬಿಟ್ಟರೆ ಮೆಷೀನು ತಾನಾಗಿ ಓಡುತ್ತದೆ. ಪಂಪ್‌ಸೆಟ್ಟಿನ ಡಿಒಎಲ್ (ಮೋಟಾರನ್ನು ನೇರ ಲೈನಿಗೆ ಜೋಡಿಸುವ) ಸ್ಟಾರ್ಟರಿನಲ್ಲಿ ಕರೆಂಟು ಹೋದರೆ ಕಾಯಿಲ್ ಬಿಡುತ್ತದೆ, ಮತ್ತೆ ಹಸಿರು ಬಟನ್ ಒತ್ತಿದರಷ್ಟೇ ಚಾಲು. ಅಂಗಡಿಯವರು ಪ್ರೀತಿಯಿಂದ, ಕರೆಂಟು ಬಂದಾಗ ತಾನಾಗಿ ಚಾಲು ಮಾಡುವ 'ಆಟೋ'ವನ್ನೂ ಜೋಡಿಸಿ ಕೊಟ್ಟಿದ್ದರು. ತೋಟದ ಮೋಟಾರಿಗೆ ಅದು ವರ, ಗರಗಸಕ್ಕೆ ಬೇಡವೇ ಬೇಡ. ನೀವೂ ತರುವುದಾದರೆ ಅದನ್ನು ಬಿಚ್ಚಿಸಿಯೇ ತನ್ನಿ.

ಮುಂದಿನದು ಗಿಡ್ಡ ಫೆನ್ಸ್, ಅಂದರೆ ಹಲಗೆಯನ್ನು ಒರಗಿಸಿ ನೇರಕ್ಕೆ ತಳ್ಳುವ ಪಟ್ಟಿ. ಗಟ್ಟಿಮರಕ್ಕೆ ಫೆನ್ಸ್ ಬ್ಲೇಡಿನ ಮುಂಭಾಗ ದಾಟಿದ ಸ್ವಲ್ಪದರಲ್ಲೇ ಮುಗಿದರೆ, ಅಗಲುವ ಹೋಳಿಗೆ ಆ ಬದಿ ಜಾಗ ಸಿಗುತ್ತದೆ. ಹಳೆಯ ಫೆನ್ಸಿಗೇ ಹಿಂದೆ ಮುಂದೆ ಜಾರುವ ಅಲ್ಯೂಮಿನಿಯಂ ಮುಖ ಕೂರಿಸುವ ಯೋಚನೆ. 40×40 ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ (ಅಚ್ಚಿನಿಂದ ಎಳೆದ ಪಟ್ಟಿ) ಒಂದು ಮೀಟರಿನ ತುಂಡಾಗಿ ಕೊಡುವವರು ಬೆಂಗಳೂರಿನಲ್ಲಿ ಯಾರಾದರೂ ಇದ್ದರೆ ತಿಳಿಸಿ. ವಿಚಾರಿಸಿದಲ್ಲೆಲ್ಲ ಪೂರ್ತಿ ಉದ್ದವನ್ನೇ ಕೊಳ್ಳಿ ಅನ್ನುತ್ತಿದ್ದಾರೆ.