ಒಣಗುವ ಬಾಯಿ, ರೊಟ್ಟಿ ಊಟ

ಎಡಿಎಚ್‌ಡಿಗೆ (ಗಮನ ಒಂದೆಡೆ ನಿಲ್ಲದ ತೊಂದರೆ) ಮಿಥೈಲ್‌ಫೆನಿಡೇಟ್ ಗುಳಿಗೆ ಶುರುವಾದ ಮೇಲೆ ಹಿಡಿದ ಕೆಲಸ ಮುಗಿಯುವ ತನಕ ಮನಸ್ಸು ನಿಲ್ಲುತ್ತಿದೆ. ಇದು ನನಗೆ ದೊಡ್ಡದು. ಬಾಯಿಯ ಕಥೆ ಮಾತ್ರ ಬೇರೆ. ಮಧ್ಯಾಹ್ನ ಜೋಳದ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿ ಬಾಯಿಗಿಟ್ಟರೆ ತುತ್ತು ಅಂಗುಳಕ್ಕೆ ಅಂಟಿ ಕೂರುತ್ತದೆ, ಮಜ್ಜಿಗೆ ಗುಟುಕರಿಸದೆ ಕೆಳಗಿಳಿಯುವುದಿಲ್ಲ. ಎಲ್ಲರೂ ಕಲಬುರಗಿ ಬಿಸಿಲು ಅಂತಾರೆ. ಬಿಸಿಲಷ್ಟೇ ಅಲ್ಲ, ಗುಳಿಗೆಯಿಂದಲೂ ಜೊಲ್ಲು ಕಡಿಮೆಯಾಗುತ್ತದೆ. ಜೊಲ್ಲು ಇಲ್ಲದಿದ್ದರೆ ಬಾಯಿಯ ಆಮ್ಲ ತಗ್ಗುವುದಿಲ್ಲ, ಹಲ್ಲು ಬೇಗ ಹುಳುಕಾಗುತ್ತದೆ. ಅದಕ್ಕೇ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಹೋದರೂ ಈಗ ಲಿಂಬು ಸೋಡಾ ಕುಡಿಯುವುದಿಲ್ಲ: ಹುಳಿಯೂ ಹೌದು, ಸಕ್ಕರೆಯೂ ಹೌದು. ಬ್ಯಾಗಿನಲ್ಲಿ ನೀರು, ಕ್ಸೈಲಿಟಾಲ್ (ಹಲ್ಲು ಹುಳುಕಾಗಿಸದ ಸಿಹಿ) ಇರುವ ಸಕ್ಕರೆಯಿಲ್ಲದ ಚೂಯಿಂಗ್ ಗಮ್. ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟ್. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಬಾಯಿ ಇನ್ನೂ ಒಣಗುತ್ತದೆ.

"ಯಾಕವ್ವಾ ಹಲ್ ಕಡೀತಿ, ಯಾರ ಮ್ಯಾಲ ಸಿಟ್ಟು?" ಅಂತ ಅವ್ವ ಕೇಳಿದ ಮೇಲೇ ಗುಳಿಗೆಯಿಂದ ದವಡೆಯೂ ಬಿಗಿಯುವುದು ಗಮನಕ್ಕೆ ಬಂತು. ಈಗ ಲ್ಯಾಪ್‌ಟಾಪ್ ಮುಂದೆ ನಾಲಿಗೆ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಟ್ಟು ದವಡೆ ಸಡಿಲ ಬಿಡುತ್ತೇನೆ. ಸ್ವಲ್ಪ ಆರಾಮ ಅನಿಸುತ್ತದೆ. ಡಾಕ್ಟರಿಗೆ ಹೇಳಿದೆ, ಡೋಸ್ ಬದಲಿಸಿ ನೋಡೋಣ ಅಂದರು.

ಇದೇ ಗುಳಿಗೆ ತಗೊಳ್ಳೋರು ಬಾಯಿ ಒಣಗ್ತದೆ ಅಂತ ತಾವಾಗೇ ನಿಲ್ಲಿಸಬ್ಯಾಡ್ರಿ, ಬರೆದುಕೊಟ್ಟ ಡಾಕ್ಟರನ್ನ ಕೇಳ್ರಿ. ಹಲ್ಲಿನ ಡಾಕ್ಟರಿಗೂ ಗುಳಿಗೆ ಹೆಸರು ತಿಳಿಸ್ರಿ. ರೊಟ್ಟಿ ಊಟಕ್ಕೆ ನಿಮಗೇನಾದ್ರೂ ಉಪಾಯ ಗೊತ್ತಿದ್ರ ಇಲ್ಲಿ ಹೇಳ್ರಿ, ರೊಟ್ಟಿ ಬಿಡೋಕೆ ನನಗೆ ಮನಸ್ಸಿಲ್ಲ.