ಲೋಳೆ ಕಟ್ಟಿದ ಕಬ್ಬಿನ ಹಾಲು

ಮಂಡ್ಯದಲ್ಲಿ ಓದಿದ ನಮಗೆ ಕಬ್ಬು ಹೊಸದಲ್ಲ. ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಂದಿ ಗದ್ದೆ ಮನೆಯವರೇ. ಕಡಿದ ಕಬ್ಬನ್ನು ಬಿಸಿಲಲ್ಲಿ ಬಿಟ್ಟರೆ ಹಾಲು ಹುಳಿಯಾಗಿ ಲೋಳೆ ಕಟ್ಟುತ್ತದೆ, ಆಲೆಮನೆಯಲ್ಲಿ ಪಾಕ ಹದಕ್ಕೆ ಬರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆ ಲೋಳೆಯನ್ನೇ ಶುದ್ಧಮಾಡಿ ರೋಗಿಯ ರಕ್ತನಾಳಕ್ಕೆ ಏರಿಸುತ್ತಾರೆ ಎಂದು ಮೈಕ್ರೊಬಯಾಲಜಿ ಮೇಷ್ಟ್ರು ಹೇಳಿದ ದಿನ ಹಿಂದಿನ ಬೆಂಚಿನವರೂ ತಲೆಯೆತ್ತಿದರು.

ಹಳೇ ಕಬ್ಬಿನ ಹಾಲನ್ನು ಸೋಸಿ ಬೀಕರಿಗೆ ಸುರಿದು, ಆಲ್ಕೋಹಾಲ್ ಬಿಡುತ್ತ ಗಾಜಿನ ಕಡ್ಡಿ ಆಡಿಸಿದರು. ಬೆಳ್ಳಗೆ ಮಬ್ಬು ಎದ್ದು, ಎಳೆಎಳೆಯಾಗಿ ಕಡ್ಡಿಗೆ ಅಂಟಿತು. "ನೋಡ್ರಪ್ಪಾ, ಇದೇ ಡೆಕ್ಸ್‌ಟ್ರಾನ್. ಮಾಡಿದ್ದು ಯಾರು? ನಿಮ್ಮ ಮನೆ ಇಡ್ಲಿ ಹಿಟ್ಟು ಉಬ್ಬಿಸೋ ಲ್ಯೂಕೊನೊಸ್ಟಾಕ್!"

ಈ ಬ್ಯಾಕ್ಟೀರಿಯಾ ಡೆಕ್ಸ್‌ಟ್ರಾನ್‌ಸುಕ್ರೇಸ್ ಎಂಬ ಕಿಣ್ವವನ್ನು ಹೊರಕ್ಕೆ ಬಿಡುತ್ತದೆ. ಕಿಣ್ವ ಸಕ್ಕರೆಯನ್ನು ಒಡೆದು, ಫ್ರಕ್ಟೋಸನ್ನು ಬಿಟ್ಟು, ಗ್ಲೂಕೋಸನ್ನು ಮಾತ್ರ ಒಂದಕ್ಕೊಂದು ಪೋಣಿಸುತ್ತ ಹೋಗುತ್ತದೆ. ಆ ಸರಪಳಿಯೇ ಡೆಕ್ಸ್‌ಟ್ರಾನ್. ನಮ್ಮ ಲಿವರ್ ಇಂಥದೇ ಗ್ಲೂಕೋಸ್ ಸರಪಳಿಯಾದ ಗ್ಲೈಕೋಜನ್ ಕಟ್ಟಬೇಕಾದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ, ಯುಟಿಪಿ ಅಣುಗಳೆಲ್ಲ ಖರ್ಚಾಗಬೇಕು. ಇದಕ್ಕೆ ಅದ್ಯಾವುದೂ ಬೇಡ, ಸಕ್ಕರೆಯ ಬಂಧದಲ್ಲಿರುವ ಶಕ್ತಿಯೇ ಸಾಕು. ನನಗೆ ಇವತ್ತಿಗೂ ಇದು ಸೋಜಿಗ. ಪರೀಕ್ಷೆಯಲ್ಲಿ ಮಾತ್ರ ಇದನ್ನು ಯಾರೂ ಕೇಳಲಿಲ್ಲ.

ಸ್ವೀಡನ್ನಿನ ಉಪ್ಸಲಾದಲ್ಲೂ ಕಥೆ ಶುರುವಾದದ್ದು ಸಕ್ಕರೆಯ ತಾಪತ್ರಯದಿಂದಲೇ. 1940ರ ದಶಕದಲ್ಲಿ ಇಂಗಲ್‌ಮನ್ ಎಂಬ ವಿಜ್ಞಾನಿ ಸಕ್ಕರೆ ಬೀಟಿನ ರಸ ಪರೀಕ್ಷಿಸುವಾಗ ಡೆಕ್ಸ್‌ಟ್ರಾನ್ ಸಿಕ್ಕಿತು. ಯುದ್ಧದ ಕಾಲ, ರಕ್ತದ ದ್ರವಭಾಗವಾದ ಪ್ಲಾಸ್ಮಾಕ್ಕೆ ಬದಲಿ ಏನಾದರೂ ಬೇಕಿತ್ತು. ಅವರೂ ಜೊತೆಗಾರ ಗ್ರೋನ್‌ವಾಲ್ ಅವರೂ ಸೇರಿ ಇದನ್ನು ಆ ಕೆಲಸಕ್ಕೆ ಹಚ್ಚಿದರು. ಆದರೆ ಬ್ಯಾಕ್ಟೀರಿಯಾ ಕಟ್ಟುವ ಸರಪಳಿ ವಿಪರೀತ ಉದ್ದ, ಅಣುತೂಕ ಲಕ್ಷಗಳನ್ನು ದಾಟುತ್ತದೆ. ಆಮ್ಲದಲ್ಲಿ ತುಂಡರಿಸಿ, ಆಲ್ಕೋಹಾಲಿನಿಂದ ಗಾತ್ರವಾರು ಬೇರ್ಪಡಿಸಿ, ಸುಮಾರು 70,000ಕ್ಕೆ ತರಬೇಕು. ಅದು ನಮ್ಮ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಹತ್ತಿರದ ತೂಕ. ಮೂತ್ರದಲ್ಲಿ ಬೇಗ ಸೋರಿಹೋಗದೆ ರಕ್ತನಾಳದೊಳಗೆ ನೀರನ್ನು ಹಿಡಿದಿಡುತ್ತದೆ. ಅಲರ್ಜಿ, ರಕ್ತ ಹೆಪ್ಪುಗಟ್ಟದಿರುವ ತೊಂದರೆ ಕಂಡಮೇಲೆ ಡಾಕ್ಟರುಗಳು ಅದರ ಬಳಕೆ ಬಹಳ ಕಮ್ಮಿ ಮಾಡಿದ್ದಾರೆ. ರಕ್ತಹೀನತೆಗೆ ಕೊಡುವ ಐರನ್ ಡೆಕ್ಸ್‌ಟ್ರಾನ್ ಇಂಜೆಕ್ಷನ್ ಮಾತ್ರ ಇನ್ನೂ ಇದೆ.

ಮುಂದೆ ಎಂ.ಎಸ್ಸಿ.ಗೆ ಮೈಸೂರಿಗೆ ಹೋದಾಗ ಪ್ರೋಟೀನ್ ಬೇರ್ಪಡಿಸಲು ಕೈಗೆ ಕೊಟ್ಟದ್ದು ಸೆಫಡೆಕ್ಸ್ ಪುಡಿ. 1959ರಲ್ಲಿ ಅದೇ ಉಪ್ಸಲಾದಿಂದ ಬಂದ, ಡೆಕ್ಸ್‌ಟ್ರಾನ್ ಎಳೆಗಳನ್ನೇ ಹೆಣೆದು ಮಾಡಿದ ಸಾಮಾನು. ಗೆಳತಿಯರು ಅದನ್ನು ಭಯಭಕ್ತಿಯಿಂದ ತೂಗುತ್ತಿದ್ದರೆ ನನಗೆ ಒಳಗೊಳಗೇ ನಗು.

ಈಗಿನ ವಿದ್ಯಾರ್ಥಿಗಳು ಈ ಪ್ರಯೋಗ ಮಾಡುವುದಾದರೆ ಒಂದು ಮಾತು: ಅಂಗಡಿಯ ತಾಜಾ ಕಬ್ಬಿನ ಹಾಲು ತಂದರೆ ಎಳೆ ಏಳುವುದು ಕಷ್ಟ. ಕಡಿದು ಕೆಲವು ದಿನ ಬಿದ್ದಿರುವ ಕಬ್ಬನ್ನೇ ಅರೆಸಿ. ಆಲ್ಕೋಹಾಲಿಗೆ ಸ್ಟೋರಿನವರನ್ನು ಮೊದಲೇ ಕೇಳಿಡಿ. ನಮ್ಮ ಕಾಲದಲ್ಲಿ ಆ ಬೀರುವಿನ ಬೀಗದ ಕೈ ಸುಲಭಕ್ಕೆ ಸಿಗುತ್ತಿರಲಿಲ್ಲ.