ಡಾಕ್ಯುಮೆಂಟ್ಸ್ ಫೋಲ್ಡರನ್ನು ಡಿ ಡ್ರೈವ್‌ಗೆ ಸಾಗಿಸಲು ಹೋಗಿ ಪಟ್ಟ ಪಾಡು

ಮೂರು ವಾರದಿಂದ ನನ್ನ ಕಂಪ್ಯೂಟರಿನ ಸಿ ಡ್ರೈವ್ ಕೆಂಪಗಾಗಿ ಕೂತಿತ್ತು. 119 ಜಿಬಿಯಲ್ಲಿ ಉಳಿದಿದ್ದು ಬರೀ 2 ಜಿಬಿ. (ಡಬ್ಬದ ಮೇಲೆ 128 ಅಂತ ಇರುತ್ತದೆ, ಒಳಗೆ 119 ಕಾಣುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ. ಡಿಸ್ಕ್ ತಯಾರಿಸುವವರು 1000ದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೇ.) ಅದೇ ಪೆಟ್ಟಿಗೆಯೊಳಗೆ 1 ಟಿಬಿ ಹಾರ್ಡ್ ಡಿಸ್ಕ್ ಇದೆ, ಡಿ ಡ್ರೈವ್ ಅಂತ, ಅರ್ಧಕ್ಕಿಂತ ಜಾಸ್ತಿ ಖಾಲಿ.

ನಾನು ಹಗಲೆಲ್ಲಾ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ನಿಟ್ಟುವಳ್ಳಿಯ ಮನೆಗೆ ಬಂದು ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ನಾಮಕರಣ, ಆಗಾಗ ಒಂದು ಬ್ಯಾನರು. ಹನ್ನೊಂದು ವರ್ಷದ ಆ ಕೆಲಸವೆಲ್ಲಾ ಡಾಕ್ಯುಮೆಂಟ್ಸ್ ಒಳಗೇ ಇತ್ತು. ಮನೆಯ ಫೋಟೋಗಳೆಲ್ಲಾ ಪಿಕ್ಚರ್ಸ್ ಒಳಗೆ. ಎರಡನ್ನೂ ಡಿ ಡ್ರೈವ್‌ಗೆ ಹಾಕಿದರೆ ಮುಗೀತಲ್ಲಾ ಅಂತ ಒಂದು ಭಾನುವಾರ ಬೆಳಿಗ್ಗೆ ದೋಸೆ ತಿಂದು ಕೂತೆ. ಎದ್ದಾಗ ರಾತ್ರಿ ಹನ್ನೆರಡೂವರೆ.

ಒಳಗಿನ ಫೈಲುಗಳನ್ನು ಸುಮ್ನೆ ಕಟ್ ಮಾಡಿ ಪೇಸ್ಟ್ ಮಾಡಬಾರದು ಅನ್ನೋದು ನನಗೆ ಗೊತ್ತಿತ್ತು. ಹಾಗೆ ಮಾಡಿದರೆ ಸಾಮಾನು ಮಾತ್ರ ಹೋಗುತ್ತದೆ, ಅಡ್ರೆಸ್ ಹಳೇದೇ ಉಳಿಯುತ್ತದೆ. ಸರಿಯಾದ ದಾರಿ ಬೇರೆ ಇದೆ. ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದರೆ ಲೊಕೇಶನ್ ಅಂತ ಒಂದು ಟ್ಯಾಬ್, ಅದರಲ್ಲಿ ಮೂವ್ ಅಂತ ಒಂದು ಬಟನ್. ಅದನ್ನು ಒತ್ತಿ ಹೊಸ ಜಾಗ ತೋರಿಸಿದರೆ ವಿಂಡೋಸ್ ತಾನೇ ಅಡ್ರೆಸ್ ಬದಲಿಸಿಕೊಂಡು, ಫೈಲುಗಳನ್ನೂ ಸಾಗಿಸಲಾ ಅಂತ ಕೇಳುತ್ತದೆ. ಇಷ್ಟೆಲ್ಲಾ ಓದಿಕೊಂಡೇ ಕೂತಿದ್ದೆ. ಆದರೂ ಎಡವಿದೆ.

ಮೂವ್ ಒತ್ತಿದೆ, ಡಿ ಡ್ರೈವ್ ತೋರಿಸಿದೆ, ಓಕೆ ಅಂದೆ. ಒಳಗೆ ಒಂದು ಹೊಸ ಫೋಲ್ಡರ್ ಮಾಡಿ ಅದನ್ನು ತೋರಿಸಬೇಕಿತ್ತು. ನಾನು ಇಡೀ ಡ್ರೈವನ್ನೇ ತೋರಿಸಿಬಿಟ್ಟೆ! ಪತ್ರದ ಮೇಲೆ ಬೀದಿ, ಮನೆ ನಂಬರ್ ಏನೂ ಹಾಕದೆ ಬರೀ 'ದಾವಣಗೆರೆ' ಅಂತ ಬರೆದು ಡಬ್ಬಕ್ಕೆ ಹಾಕಿದ ಹಾಗೆ. ವಿಂಡೋಸ್ ಪಾಪ ಅದನ್ನು ನಂಬಿ, ಇಡೀ ದಾವಣಗೆರೆಯೇ ಇವನ ಮನೆ ಅಂದುಕೊಂಡಿತು. ಲಗ್ನಪತ್ರಿಕೆ ಫೋಲ್ಡರುಗಳೆಲ್ಲಾ ಡಿ ಡ್ರೈವಿನ ಬಾಗಿಲಲ್ಲೇ, ಹಳೇ ಸಿನಿಮಾ, ಪ್ರಿಂಟರ್ ಡ್ರೈವರ್, ಮಗಳ ಸ್ಕೂಲ್ ಪ್ರಾಜೆಕ್ಟುಗಳ ಜೊತೆ ಬೆರೆತು ಬಿದ್ದವು.

ಅದು ಗೊತ್ತಾಗೋ ಮೊದಲೇ ಪಿಕ್ಚರ್ಸ್‌ಗೂ ಅದನ್ನೇ ಮಾಡಲು ಹೋದೆ. ಆಗ ಆಗಲ್ಲ ಅಂತ ಮೆಸೇಜ್ ಬಂತು. ಅದೇ ಜಾಗದಲ್ಲಿ ಆಗಲೇ ಬೇರೆ ಫೋಲ್ಡರ್ ಇದೆ, ಅದನ್ನು ತಿರುಗಿಸಲು ಬರುವುದಿಲ್ಲ ಅನ್ನೋ ಅರ್ಥದ್ದು. ಈ ಮೆಸೇಜ್ ಕಂಡರೆ ನೂರಕ್ಕೆ ತೊಂಬತ್ತು ಸಲ ನೀವು ಎರಡು ಫೋಲ್ಡರುಗಳಿಗೆ ಒಂದೇ ಅಡ್ರೆಸ್ ಕೊಡುತ್ತಿದ್ದೀರಿ ಅಂತಲೇ ತಿಳಿದುಕೊಳ್ಳಿ. ಎಡಗಡೆ ಪಟ್ಟಿ ನೋಡಿದರೆ ಡಾಕ್ಯುಮೆಂಟ್ಸ್ ಅನ್ನೋ ಹೆಸರೇ ಇಲ್ಲ. ಅದಿದ್ದ ಜಾಗದಲ್ಲಿ ನ್ಯೂ ವಾಲ್ಯೂಮ್ ಡಿ ಅಂತ ಇದೆ.

ಸರಿ, ರಿಸ್ಟೋರ್ ಡಿಫಾಲ್ಟ್ ಒತ್ತಿ ವಾಪಸ್ ಬರೋಣ ಅಂದರೆ ಲೊಕೇಶನ್ ಟ್ಯಾಬೇ ಮಾಯ! ಯಾಕೆ ಅಂದರೆ ಈಗ ಪ್ರಾಪರ್ಟೀಸ್ ತೆಗೆದರೆ ಬರೋದು ಫೋಲ್ಡರಿನದ್ದಲ್ಲ, ಇಡೀ ಡ್ರೈವಿನದ್ದು. ಎಷ್ಟು ತುಂಬಿದೆ, ಎಷ್ಟು ಖಾಲಿ ಅಂತ ಗುಂಡಗೆ ಚಿತ್ರ ತೋರಿಸುತ್ತದೆ ಅಷ್ಟೇ. ಹೋದ ದಾರಿಯಲ್ಲೇ ವಾಪಸ್ ಬರಲು ಬಾಗಿಲಿಲ್ಲ.

"ಏನ್ರೀ, ಊಟಕ್ಕೆ ಬರಲ್ವಾ?" ಅಂತ ಹೆಂಡತಿ ಎರಡು ಸಲ ಕರೆದಳು. ಮೂರನೇ ಸಲ ಕರೆಯಲಿಲ್ಲ, ಬಂದು ನನ್ನ ಮುಖ ನೋಡಿ "ಮಗಳ ಫೋಟೋ ಇದಾವೆ ತಾನೇ?" ಅಂದಳು. ಇದಾವೆ ಅಂದೆ. ಇದ್ದವು ಕೂಡ. ಆದರೂ ಹೇಳುವಾಗ ಗಂಟಲು ಸ್ವಲ್ಪ ಒಣಗಿತ್ತು.

ಇಲ್ಲಿಂದ ಹೊರಬರುವ ದಾರಿ ರಿಜಿಸ್ಟ್ರಿ ಎಡಿಟರ್, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಂಡಿರೋ ಪುಸ್ತಕವನ್ನು ತಿದ್ದುವ ಪ್ರೋಗ್ರಾಮು. ಹೆದರಬೇಡಿ, ಆದರೆ ಮೊದಲು ಒಂದು ಎಕ್ಸ್‌ಪೋರ್ಟ್, ಅಂದರೆ ಈಗಿರೋದರ ನಕಲು, ತೆಗೆದಿಟ್ಟುಕೊಳ್ಳಿ. ಎಚ್‌ಕೀ ಕರೆಂಟ್ ಯೂಸರ್ ಒಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಶನ್, ಎಕ್ಸ್‌ಪ್ಲೋರರ್ ಅಂತ ಇಳಿಯುತ್ತಾ ಹೋದರೆ ಯೂಸರ್ ಶೆಲ್ ಫೋಲ್ಡರ್ಸ್ ಸಿಗುತ್ತದೆ. ಅಲ್ಲೇ ಪಕ್ಕದಲ್ಲಿ ಬರೀ ಶೆಲ್ ಫೋಲ್ಡರ್ಸ್ ಅಂತ ಇನ್ನೊಂದಿದೆ, ಅಣ್ಣತಮ್ಮಂದಿರ ಹಾಗೆ. ಅದು ಹಳೇ ಕಾಲದ್ದು. ಒಳಗೆ ಮೇಲುಗಡೆಯೇ 'ಇದನ್ನು ಬಳಸಬೇಡಿ' ಅಂತ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾರೆ, ಓದಿದರೆ ನಗು ಬರುತ್ತದೆ. ನಮಗೆ ಬೇಕಾದ್ದು ಯೂಸರ್ ಅಂತ ಮೊದಲಾಗುವುದು.

ಅದರೊಳಗೆ ಡಾಕ್ಯುಮೆಂಟ್ಸ್ ಅಂತ ಹುಡುಕಿದರೆ ಸಿಗುವುದಿಲ್ಲ, ನಾನು ಹತ್ತು ನಿಮಿಷ ಹುಡುಕಿದೆ. ಅದಕ್ಕೆ ಅಲ್ಲಿರೋ ಹೆಸರು ಪರ್ಸನಲ್. ಪಿಕ್ಚರ್ಸ್‌ಗೆ ಮೈ ಪಿಕ್ಚರ್ಸ್. ಡೌನ್‌ಲೋಡ್ಸ್‌ಗಂತೂ ಹೆಸರೇ ಇಲ್ಲ, 374 ಅಂತ ಮೊದಲಾಗುವ ಒಂದು ಉದ್ದನೆಯ ಅಂಕಿ ಅಕ್ಷರಗಳ ಮಾಲೆ. ಪರ್ಸನಲ್ ತೆಗೆದು ನೋಡಿದರೆ ಡಿ, ಒಂದು ಕೋಲನ್, ಒಂದು ಬ್ಯಾಕ್‌ಸ್ಲ್ಯಾಶ್. ಇಷ್ಟೇ ಅಕ್ಷರ ನನ್ನ ಇಡೀ ಭಾನುವಾರ ತಿಂದಿದ್ದು! ಅದನ್ನು ಅಳಿಸಿ, ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಯೂಸರ್‌ಪ್ರೊಫೈಲ್ ಅಂತ ಇಂಗ್ಲಿಷಿನಲ್ಲಿ ಹಾಕಿ, ಬ್ಯಾಕ್‌ಸ್ಲ್ಯಾಶ್ ಕೊಟ್ಟು, ಡಾಕ್ಯುಮೆಂಟ್ಸ್ ಅಂತ ಸೇರಿಸಿದೆ. ಇನ್ನೊಂದು ಮಾಲೆಯಂಥ ಹೆಸರಿನ ಸಾಲಿನಲ್ಲೂ ಅದೇ ಡಿ ಇತ್ತು, ಅಲ್ಲೂ ಬದಲಿಸಿದೆ. ಸಿ ಡ್ರೈವಿನಲ್ಲಿ ನನ್ನ ಹೆಸರಿನ ಫೋಲ್ಡರ್ ಒಳಗೆ ಖಾಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಒಂದನ್ನು ಕೈಯಾರೆ ಮಾಡಿ, ಸೈನ್ ಔಟ್ ಆಗಿ ಮತ್ತೆ ಒಳಗೆ ಬಂದೆ. ಡಾಕ್ಯುಮೆಂಟ್ಸ್ ತನ್ನ ಹೆಸರಿನಲ್ಲಿ ಮತ್ತೆ ಕಂಡಿತು. ಲೊಕೇಶನ್ ಟ್ಯಾಬ್ ಕೂಡ ವಾಪಸ್.

ಇದರಿಂದ ಫೈಲುಗಳು ಅಲ್ಲಾಡುವುದಿಲ್ಲ, ನೆನಪಿಡಿ. ಬದಲಾಗೋದು ಅಡ್ರೆಸ್ ಮಾತ್ರ. ನನಗೆ ಅದೇ ಒಳ್ಳೇದಾಯ್ತು, ಸಿ ಡ್ರೈವಿನಲ್ಲಿ ಜಾಗವೇ ಇರಲಿಲ್ಲವಲ್ಲ. ಡಿ ಡ್ರೈವಿನಲ್ಲಿ ಬೆರೆತು ಬಿದ್ದಿದ್ದನ್ನು ಅಕ್ಕಿ ಆರಿಸಿದ ಹಾಗೆ ಒಂದೊಂದಾಗಿ ಆರಿಸಿ, 'ಮನೆ' ಅಂತ ಫೋಲ್ಡರ್ ಮಾಡಿ, ಅದರೊಳಗೆ ಡಾಕ್ಯುಮೆಂಟ್ಸ್ ಅಂತ ಮಾಡಿ, ಅಲ್ಲಿಗೆ ಹಾಕಿ, ಆಮೇಲೆ ಮೂವ್ ಒತ್ತಿ ಆ ಒಳಗಿನ ಫೋಲ್ಡರನ್ನು ತೋರಿಸಿದೆ.

ಪಿಕ್ಚರ್ಸ್ ದೊಡ್ಡದು, 60 ಜಿಬಿ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಯುಪಿಎಸ್ ಬ್ಯಾಟರಿಗೆ ವಯಸ್ಸಾಗಿದೆ. ಒಂದು ಡ್ರೈವಿನಿಂದ ಇನ್ನೊಂದಕ್ಕೆ ಮೂವ್ ಅಂದರೆ ನಿಜದಲ್ಲಿ ಕಾಪಿ ಮಾಡಿ ಆಮೇಲೆ ಹಳೇದನ್ನು ಅಳಿಸುವುದು. ನಡುವೆ ಕರೆಂಟ್ ಹೋದರೆ ಅರ್ಧ ಇಲ್ಲಿ ಅರ್ಧ ಅಲ್ಲಿ ಆಗಿ ಯಾವುದು ಎಲ್ಲಿದೆ ಅನ್ನೋದೇ ತಲೆನೋವು. ಅದಕ್ಕೆ ನಾನು ಮೊದಲು ಸುಮ್ನೆ ಕಾಪಿ ಮಾಡಿದೆ. ಎರಡೂ ಕಡೆ ಪ್ರಾಪರ್ಟೀಸ್ ತೆಗೆದು ಎಣಿಕೆ ನೋಡಿದೆ. ಆಮೇಲೆ ಲೊಕೇಶನ್ ಬದಲಿಸಿ, ಫೈಲುಗಳನ್ನೂ ಸಾಗಿಸಲಾ ಅಂದಾಗ ಬೇಡ ಅಂದೆ.

ಎಣಿಕೆಯಲ್ಲಿ ಒಂದು ಕಮ್ಮಿ ಬಂತು. ಹಳೇ ಕಡೆ 18,412, ಹೊಸ ಕಡೆ 18,411. ಅದೊಂದು ಯಾವುದು ಅಂತ ಒಂದು ಗಂಟೆ ಹುಡುಕಿದೆ. ಮದುವೆ ಫೋಟೋನಾ, ಅಪ್ಪನ ಕೊನೇ ಫೋಟೋನಾ, ಏನೇನೋ ಯೋಚನೆ. ಕೊನೆಗೆ ನೋಡಿದರೆ ಡೆಸ್ಕ್‌ಟಾಪ್ ಡಾಟ್ ಐಎನ್ಐ ಅನ್ನೋ ಅಡಗಿಸಿಟ್ಟ ಫೈಲು! ಫೋಲ್ಡರಿನ ಐಕಾನ್ ಯಾವುದು, ತೋರಿಸೋ ಹೆಸರೇನು ಅಂತ ಅದರಲ್ಲಿ ಬರೆದಿರುತ್ತದೆ. ಕಣ್ಣಿಗೆ ಕಾಣದ ಫೈಲು ಕಂಟ್ರೋಲ್ ಎ ಒತ್ತಿದಾಗ ಆಯ್ಕೆ ಆಗಿರಲಿಲ್ಲ. ನಷ್ಟ ಏನೂ ಇಲ್ಲ. ಇದೇ ಫೈಲು ಇನ್ನೊಂದು ತಮಾಷೆನೂ ಮಾಡುತ್ತದೆ. ಬ್ಯಾಕಪ್ ಫೋಲ್ಡರ್ ಒಳಗೆ ಇದು ಸೇರಿಕೊಂಡರೆ, ನೀವು ಏನೇ ಹೆಸರಿಟ್ಟಿದ್ದರೂ ಅದೂ ಡಾಕ್ಯುಮೆಂಟ್ಸ್ ಅಂತಲೇ ಕಾಣುತ್ತದೆ. ಒಂದೇ ಹೆಸರಿನವು ಎರಡು ಹೇಗೆ ಇರೋಕೆ ಸಾಧ್ಯ ಅಂತ ತಲೆ ಕೆಡಿಸಿಕೊಳ್ಳಬೇಡಿ, ಬ್ಯಾಕಪ್ ಕಡೆಯ ಆ ಫೈಲು ಅಳಿಸಿದರೆ ನಿಜವಾದ ಹೆಸರು ಬರುತ್ತದೆ.

ಸೋಮವಾರ ಸಂಜೆ ಒಬ್ಬರು ಪತ್ರಿಕೆ ಮಾಡಿಸಲು ಬಂದರು. ಹಳೇ ಮಾದರಿ ತೋರಿಸೋಣ ಅಂತ ಪತ್ರಿಕೆ ಜೋಡಿಸುವ ಪ್ರೋಗ್ರಾಮು ಪೇಜ್‌ಮೇಕರ್ ತೆಗೆದರೆ ಮೇಲುಗಡೆ ಇರಬೇಕಾದ ಗಣಪತಿ ಸಿಗುತ್ತಿಲ್ಲ ಅಂತ ಕೇಳಿತು. ಶುಭಕಾರ್ಯಕ್ಕೆ ಗಣಪತಿಯೇ ನಾಪತ್ತೆ! ಬಂದವರು ಪರದೆ ನೋಡಿ ಏನೂ ಅನ್ನಲಿಲ್ಲ, ನಾನೇ ಒಂದು ಹಾರಿಕೆ ಮಾತಾಡಿ ಬೇರೆ ಮಾದರಿ ತೋರಿಸಿದೆ. ಪತ್ರಿಕೆಯೊಳಗೆ ಸೇರಿಸದೆ ಬರೀ ಲಿಂಕ್ ಮಾಡಿದ ಚಿತ್ರಗಳಿಗೆ ಸಿ ಡ್ರೈವಿನ ಹಳೇ ಅಡ್ರೆಸ್ಸೇ ಪೂರ್ತಿಯಾಗಿ ಬರೆದುಕೊಂಡಿರುತ್ತದೆ. ವಿಂಡೋಸ್ ಅಡ್ರೆಸ್ ಬದಲಿಸಿದ್ದು ಅದಕ್ಕೆ ಗೊತ್ತಾಗಲ್ಲ. ನೂರಾರು ಪತ್ರಿಕೆಗಳಲ್ಲಿ ಒಂದೊಂದಾಗಿ ಗಣಪತಿಯನ್ನು ಕೂರಿಸುತ್ತಾ ಹೋಗೋಕಾಗುತ್ತಾ? ಕಮಾಂಡ್ ಪ್ರಾಂಪ್ಟಿನಲ್ಲಿ ಎಂಕೆಲಿಂಕ್ ಅಂತ ಒಂದು ಕಮಾಂಡ್ ಇದೆ. ಸ್ಲ್ಯಾಶ್ ಜೆ ಅಂತ ಸೇರಿಸಿ, ಮೊದಲು ಹಳೇ ಜಾಗ, ಆಮೇಲೆ ಹೊಸ ಜಾಗ ಕೊಟ್ಟರೆ ಹಳೇ ಜಾಗದಲ್ಲಿ ಒಂದು ಬಾಗಿಲು ನಿಲ್ಲುತ್ತದೆ, ತೆಗೆದರೆ ಡಿ ಡ್ರೈವ್. ಆ ಹೆಸರಿನ ಫೋಲ್ಡರ್ ಹಳೇ ಜಾಗದಲ್ಲಿ ಮೊದಲೇ ಇರಬಾರದು, ಇದ್ದರೆ ಹೆಸರು ಬದಲಿಸಿಡಿ. ಡಾಕ್ಯುಮೆಂಟ್ಸ್ ಒಳಗೆ ಪತ್ರಿಕೆಯ ಚಿತ್ರಗಳಿದ್ದ ಫೋಲ್ಡರಿಗೆ ಮಾತ್ರ ಹಾಗೆ ಮಾಡಿದೆ. ಗಣಪತಿ ಬಂದು ಕೂತ.

ಇದನ್ನೆಲ್ಲಾ ಕೇಳಿ ಚಿತ್ರದುರ್ಗದ ಸೋದರಮಾವ ಫೋನ್ ಮಾಡಿದರು. ಮೇಷ್ಟ್ರಾಗಿ ರಿಟೈರ್ ಆದವರು, ಕೋಟೆ ಹತ್ತಿ ಫೋಟೋ ತೆಗೆಯೋದೇ ಈಗ ಕೆಲಸ. "ಏನೋ ಅಳಿಯ, ನಿಂದು ಸರಿ ಆಯ್ತಂತೆ, ನಂದು ಪೂರ್ತಿ ಮಾಯ ಆಗೈತೆ ನೋಡು." ಬುಧವಾರ ರಜೆ ಇತ್ತು, ಅರವತ್ತು ಕಿಲೋಮೀಟರ್ ತಾನೇ, ಬಸ್ ಹತ್ತಿದೆ.

ಅವರ ಲ್ಯಾಪ್‌ಟಾಪಿನಲ್ಲಿ ಪಿಕ್ಚರ್ಸ್ ಇರೋದು ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿ. ಅದರ ಡ್ರೈವ್ ಅಕ್ಷರ ಮೊದಲು ಇ ಆಗಿತ್ತು. ಒಂದು ದಿನ ಡಿಸ್ಕ್ ಕಿತ್ತಿಟ್ಟು ಪೆನ್‌ಡ್ರೈವ್ ಹಾಕಿದ್ದಾರೆ, ಇ ಅಕ್ಷರ ಪೆನ್‌ಡ್ರೈವಿಗೆ ಹೋಗಿದೆ, ಆಮೇಲೆ ಡಿಸ್ಕ್ ಹಾಕಿದರೆ ಅದು ಎಫ್ ಆಗಿದೆ. ಪಿಕ್ಚರ್ಸ್ ಮಾತ್ರ ಇನ್ನೂ ಇ ಬಾಗಿಲನ್ನೇ ತಟ್ಟುತ್ತಿದೆ. ಪೆನ್‌ಡ್ರೈವ್ ತೆಗೆದು, ಡ್ರೈವ್ ಅಕ್ಷರ ಬದಲಿಸಲು ವಿಂಡೋಸಿನಲ್ಲೇ ಇರೋ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ, ಹಾರ್ಡ್ ಡಿಸ್ಕಿಗೆ ಮತ್ತೆ ಇ ಕೊಟ್ಟೆ, ಎಲ್ಲಾ ಕಂಡವು. ಆಮೇಲೆ ಪಿಕ್ಚರ್ಸ್ ಅಡ್ರೆಸ್ಸನ್ನು ಸರಿಯಾಗಿ ಲ್ಯಾಪ್‌ಟಾಪಿನ ಒಳಗಿನ ಡಿ ಡ್ರೈವ್‌ಗೇ ತಂದೆ. ಕಿತ್ತು ಓಡಾಡಿಸೋ ಡಿಸ್ಕಿನಲ್ಲಿ ಈ ಫೋಲ್ಡರುಗಳನ್ನು ಇಡಬಾರದು ಅಂತ ನನ್ನ ಅಭಿಪ್ರಾಯ. ಇಡಲೇಬೇಕಾದರೆ ಪಿ ಅಥವಾ ಎಸ್ ಥರ ದೂರದ ಅಕ್ಷರ ಕೊಡಿ, ಪೆನ್‌ಡ್ರೈವುಗಳು ಅಲ್ಲಿವರೆಗೆ ಬರೋದು ಅಪರೂಪ.

ಸಾಗಿಸುವಾಗ ಕೆಲವು ಫೋಟೋಗಳು ಬರಲ್ಲ ಅಂತ ಹಟ ಹಿಡಿದವು. ಹೆಸರು ಉದ್ದ ಆಯ್ತು ಅಂತ. ಮಾವ ಫೋಲ್ಡರಿಗೆ ಹೆಸರಿಡಲ್ಲ, ಪ್ರಬಂಧ ಬರೆಯುತ್ತಾರೆ. 'ಚಿತ್ರದುರ್ಗ ಏಳುಸುತ್ತಿನ ಕೋಟೆ ತುಪ್ಪದ ಕೊಳದ ಬತೇರಿಯಿಂದ ಕಂಡ ಸೂರ್ಯಾಸ್ತ', ಅದರೊಳಗೆ ಇನ್ನೊಂದು ಅಷ್ಟೇ ಉದ್ದದ್ದು, ಅದರೊಳಗೆ ಮತ್ತೊಂದು. ಡ್ರೈವ್ ಅಕ್ಷರದಿಂದ ಹಿಡಿದು ಫೈಲಿನ ಹೆಸರಿನವರೆಗೆ ಎಲ್ಲಾ ಸೇರಿ 260 ಅಕ್ಷರದ ಮಿತಿ. ಕನ್ನಡದಲ್ಲಿ ಇದು ಬೇಗ ಮುಗಿಯುತ್ತದೆ. ನಮ್ಮ ಕಣ್ಣಿಗೆ 'ಚಿತ್ರದುರ್ಗ' ನಾಲ್ಕೇ ಅಕ್ಷರ, ಕಂಪ್ಯೂಟರಿಗೆ ಹತ್ತು. ಗುಡಿಸು, ಕೊಂಬು, ಒತ್ತಕ್ಷರ ಎಲ್ಲಾ ಬೇರೆ ಬೇರೆ ಲೆಕ್ಕ.

"ಮಾವ, ಹೆಸರು ಸ್ವಲ್ಪ ಚಿಕ್ಕದು ಮಾಡ್ಲಾ?" ಅಂದೆ.

"ಸೂರ್ಯಾಸ್ತ ತೆಗಿ, ಬತೇರಿ ತೆಗೀಬ್ಯಾಡ."

ಅವರಿಗೆ ವನ್‌ಡ್ರೈವ್ (ಫೈಲುಗಳನ್ನು ಇಂಟರ್‌ನೆಟ್ಟಿನಲ್ಲಿ ಇಡುವ ಮೈಕ್ರೋಸಾಫ್ಟಿನ ವ್ಯವಸ್ಥೆ) ಬ್ಯಾಕಪ್ ಕೂಡ ಆನ್ ಇತ್ತು, ಡಾಕ್ಯುಮೆಂಟ್ಸ್‌ಗೆ. ಹಾಗಿದ್ದಾಗ ಅದರ ಅಡ್ರೆಸ್ ವನ್‌ಡ್ರೈವ್ ಫೋಲ್ಡರ್ ಒಳಗೆ ಇರುತ್ತದೆ. ಮೊದಲು ವನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಆ ಫೋಲ್ಡರಿನ ಬ್ಯಾಕಪ್ ನಿಲ್ಲಿಸಿ, ಆಮೇಲೆ ಮೂವ್ ಮಾಡಿ. ನಿಲ್ಲಿಸಿದ ಮೇಲೆ ಡಾಕ್ಯುಮೆಂಟ್ಸ್ ಖಾಲಿ ಕಂಡರೆ ಗಾಬರಿ ಬೇಡ, ಫೈಲುಗಳು ವನ್‌ಡ್ರೈವ್ ಫೋಲ್ಡರಿನಲ್ಲೇ ಇರುತ್ತವೆ, ಕೈಯಾರೆ ತರಬೇಕು.

ಇಷ್ಟು ಮಾಡಿಯೂ ಸಿ ಡ್ರೈವ್ ತುಂಬಿದ್ದರೆ ಆ್ಯಪ್‌ಡೇಟಾ ಅನ್ನೋ ಫೋಲ್ಡರಿಗೆ ಕೈ ಹಾಕೋಣ ಅನ್ನಿಸುತ್ತದೆ. ಅದನ್ನು ಮಾತ್ರ ಸಾಗಿಸಬೇಡಿ. ಪ್ರೋಗ್ರಾಮುಗಳು ಓಡಾಡೋದೇ ಅಲ್ಲಿ. ಹಳೇ ಫೈಲು ಅಳಿಸಿದ ಮೇಲೆ ರೀಸೈಕಲ್ ಬಿನ್ ಖಾಲಿ ಮಾಡಿದಿರಾ ನೋಡಿ, ನಾನು ಹಿಂದೊಮ್ಮೆ ಅದನ್ನೇ ಮರೆತು ಜಾಗ ಯಾಕೆ ಬರಲಿಲ್ಲ ಅಂತ ಕೂತಿದ್ದೆ. ಬ್ರೌಸರಿನ ಡೌನ್‌ಲೋಡ್ ಜಾಗವನ್ನೂ ಒಮ್ಮೆ ನೋಡಿಕೊಳ್ಳಿ, ಅದು ಇನ್ನೂ ಹಳೇ ಜಾಗಕ್ಕೇ ಸುರಿಯುತ್ತಿರಬಹುದು.

ಹಳೇ ಪಿಕ್ಚರ್ಸ್ ಇನ್ನೂ ಸಿ ಡ್ರೈವಿನಲ್ಲೇ ಇದೆ, ಅಳಿಸಿಲ್ಲ. ಹಾಗಾಗಿ ಸಿ ಡ್ರೈವ್ ಇನ್ನೂ ಪೂರ್ತಿ ಹಗುರಾಗಿಲ್ಲ. ಎಣಿಕೆ ಸರಿ ಇದೆ, ಹೆಂಡತಿ ಹೊಸ ಕಡೆ ಮಗಳ ಫೋಟೋಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದಾಳೆ. ಈಗ ಎರಡನೇ ಹುಟ್ಟುಹಬ್ಬದವರೆಗೆ ಬಂದಿದ್ದಾಳೆ. ಅವಳು ಸರಿ ಅಂದ ಮೇಲೆ ಅಳಿಸುತ್ತೇನೆ.